ದಡದ ದೋಣಿಯಲ್ಲಿ ನಿಂತ ನೀರು



ಮಳೆಗಾಲ ಬಂತೆಂದರೆ ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕಡಲ ಕರೆಯಲ್ಲಿ ದೋಣಿಗಳು ಸಾಲಾಗಿ ನಿಲ್ಲುತ್ತವೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ನಾಡದೋಣಿಗಳಿಗೆ ಅದು ಅನ್ವಯಿಸದಿದ್ದರೂ ಕಡಲು ಮುನಿದಾಗ ಅವೂ ಮರಳ ಮೇಲೆಯೇ. ಅಡಿಕೆ ತೋಟದ ಕಣಿ ಬಿಡಿಸಲು ಮರೆಯದ ನಾವು ದೋಣಿಯೊಳಗಿನ ನೀರನ್ನು ಮಾತ್ರ ಮರೆತುಬಿಡುತ್ತೇವೆ.

ಇದರಿಂದ ಹಾನಿ ಎರಡು ಬಗೆ. ಮೊದಲನೆಯದು ದೋಣಿಗೆ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಡೆಕ್ಕಿನಲ್ಲಿ ನಾಲ್ಕು ಸೆಂಟಿಮೀಟರ್ ನೀರು ನಿಂತರೆ ಅದರ ತೂಕ 120 ಕಿಲೋ! ಮರದ ದೋಣಿಯಾದರೆ ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ಹಲಗೆಯನ್ನು ಬೇಗ ಕುಂಬಾಗಿಸುತ್ತದೆ. ಎರಡನೆಯದು ಮನೆಮಂದಿಗೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಇಂತಹ ನೀರಿನಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದು ಕಚ್ಚುವುದು ಹಗಲಿನಲ್ಲಿ. ರಾತ್ರಿಯ ಸೊಳ್ಳೆಪರದೆಯಷ್ಟೇ ಸಾಲದು.

ಖರ್ಚಿಲ್ಲದ ಕೆಲವು ಉಪಾಯಗಳು ಹೀಗಿವೆ:

1. ದೋಣಿಯನ್ನು ಸಮತಟ್ಟಾಗಿ ನಿಲ್ಲಿಸಬೇಡಿ. ಮುಂಭಾಗದ ಅಡಿಗೆ ತೆಂಗಿನ ಕೊರಡು ಕೊಟ್ಟು ಎತ್ತರಿಸಿ, ಹಿಂಭಾಗದ ತೂತಿನ ಬಿರಡೆ ತೆಗೆದಿಡಿ. ನೀರು ತಾನಾಗಿ ಹರಿಯುತ್ತದೆ. ಬಿರಡೆಯನ್ನು ಹುರಿಯಿಂದ ಅಲ್ಲಿಯೇ ಕಟ್ಟಿಡಿ; ಕಡಲಿಗಿಳಿಸುವಾಗ ಅದನ್ನು ಮರೆತರೆ ದೋಣಿಯೇ ಹೋದೀತು.

2. ಬಲೆಯ ಚೂರು, ಮೀನಿನ ಹುರುಪೆ, ತರಗೆಲೆ ತೂತಿಗೆ ಅಡ್ಡ ಬರುತ್ತವೆ. ವಾರಕ್ಕೊಮ್ಮೆ ತಂತಿಯಿಂದ ಬಿಡಿಸಿ.

3. ತೂತಿಲ್ಲದ ಕಡೆ ತೋಟದ ರಬ್ಬರ್ ಪೈಪು ಸಾಕು. ಪೈಪಿನಲ್ಲಿ ನೀರು ತುಂಬಿಸಿ ಎರಡೂ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿಯಿರಿ. ಒಂದು ತುದಿಯನ್ನು ನಿಂತ ನೀರಿನಲ್ಲಿ ಮುಳುಗಿಸಿ, ಇನ್ನೊಂದನ್ನು ದೋಣಿಯ ಹೊರಗೆ ಆ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿಸಿ ಬೆರಳು ತೆಗೆಯಿರಿ. ಬಾಯಿಯಿಂದ ಎಳೆಯಬೇಡಿ, ನೀರಿನಲ್ಲಿ ಸೀಮೆಎಣ್ಣೆ ಬೆರೆತಿರಬಹುದು.

4. ಮೂಲೆಯಲ್ಲಿ ಉಳಿದದ್ದನ್ನು ತೆಂಗಿನ ಚಿಪ್ಪಿನಿಂದ ಮೊಗೆದು, ಹಳೆಯ ಹತ್ತಿಬಟ್ಟೆಯಿಂದ ಒರೆಸಿ. ಈಡಿಸ್‌ನ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಬಲ್ಲದು. ಆದ್ದರಿಂದ ನೀರು ನಿಂತ ಗುರುತನ್ನು ಬ್ರಶ್ಶಿನಿಂದ ಉಜ್ಜಬೇಕು.

5. ಟಾರ್ಪಾಲು ಹೊದಿಸುವವರು ನಡುವೆ ಬಿದಿರಿನ ಗಳ ಕೊಟ್ಟು ಮನೆಯ ಮಾಡಿನಂತೆ ಇಳಿಜಾರು ಮಾಡಿ. ಜೋತುಬಿದ್ದ ಟಾರ್ಪಾಲೇ ಸೊಳ್ಳೆಯ ಕೆರೆ. ದೋಣಿಯ ಬದಿಗೆ ಕಟ್ಟಿದ ಟಯರುಗಳ ತಳಕ್ಕೂ ತೂತು ಕೊರೆಯಿರಿ.

ಈ ಕೆಲಸಕ್ಕೆ ಇಳಿಯುವಾಗ ಕಾಲಿನಲ್ಲಿ ಗಾಯವಿದ್ದರೆ ಬೂಟು ಧರಿಸಿ. ಇಲಿ ಓಡಾಡುವ ಕಡೆಯ ನೀರಿನಿಂದ ಇಲಿಜ್ವರದ ಭಯವಿದೆ. ಜ್ವರ ಬಂದರೆ ಡಾಕ್ಟರರನ್ನು ಕಾಣಿ. ಡೆಂಗ್ಯೂ ಶಂಕೆಯಿದ್ದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು, ರಕ್ತಸ್ರಾವ ಹೆಚ್ಚೀತು. ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತೋಟದ ಬಂಧುಗಳು ಇದು ಕರೆಯವರ ಪಾಠವೆಂದು ಪುಟ ಮಗುಚಬಾರದು. ಮರದಡಿಯಲ್ಲಿ ಅಂಗಾತ ಬಿದ್ದ ಅಡಿಕೆ ಹಾಳೆಯೂ ಒಂದು ಪುಟ್ಟ ದೋಣಿಯೇ. ರಬ್ಬರು ಮರದ ಚಿಪ್ಪೂ ಹಾಗೆಯೇ. ಅವುಗಳನ್ನು ಕವುಚಿ ಹಾಕಿ. ಕರೆಯವರು ದೋಣಿಯನ್ನೂ ತೋಟದವರು ಹಾಳೆಯನ್ನೂ ವಾರಕ್ಕೊಂದು ದಿನ, ಅರ್ಧ ಗಂಟೆ ನೋಡಿಕೊಂಡರೆ ಎಷ್ಟೋ ಮನೆಗಳ ಜ್ವರ ತಪ್ಪೀತು.