ನಿಮಗಿದು ಗೊತ್ತೆ? ನಿಧಾನವಾಗಿ ನಡೆದದ್ದಕ್ಕೆ ರೆಡ್ ಕಾರ್ಡ್!

1997ರ ಸೆಪ್ಟೆಂಬರ್ 6, ಬರ್ಲಿನ್. ಫುಟ್‌ಬಾಲ್ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಜರ್ಮನಿ ವಿರುದ್ಧ ಪೋರ್ಚುಗಲ್ 1–0 ಮುಂದಿತ್ತು. ಬದಲಿ ಆಟಗಾರನಿಗೆ ಜಾಗ ಬಿಟ್ಟುಕೊಟ್ಟು ಹೊರನಡೆಯುತ್ತಿದ್ದ ಮಿಡ್‌ಫೀಲ್ಡರ್ ರೂಯಿ ಕೋಸ್ಟಾ ಬೇಕೆಂದೇ ತಡಮಾಡುತ್ತಿದ್ದಾರೆಂದು ಫ್ರಾನ್ಸ್‌ನ ರೆಫರಿ ಮಾರ್ಕ್ ಬಟ್ಟಾ ಎರಡನೇ ಹಳದಿ ಕಾರ್ಡ್, ಅಂದರೆ ರೆಡ್ ಕಾರ್ಡ್ ತೋರಿಸಿದರು. ಅಲ್ಲಿಗೆ ಬದಲಿ ಆಟಗಾರನಿಗೂ ಅವಕಾಶ ತಪ್ಪಿತು. ಹತ್ತೇ ಮಂದಿ ಉಳಿದರು. ಜರ್ಮನಿ ಸಮ ಮಾಡಿಕೊಂಡಿತು, ಪೋರ್ಚುಗಲ್ 1998ರ ವಿಶ್ವಕಪ್‌ಗೆ ಹೋಗಲಿಲ್ಲ. ಅಷ್ಟು ದೊಡ್ಡ ಪಂದ್ಯಕ್ಕೆ ಅದು ತೀರಾ ಕಠಿಣ ತೀರ್ಪು.

ಬಾಲಕ ಕೋಸ್ಟಾನ ಪ್ರತಿಭೆಯನ್ನು ಲಿಸ್ಬನ್‌ನ ಬೆನ್‌ಫಿಕಾ ಕ್ಲಬ್ಬಿನಲ್ಲಿ ಗುರುತಿಸಿದವರು ಮಹಾನ್ ಆಟಗಾರ ಯುಸೇಬಿಯೊ. 1991ರ ವಿಶ್ವ ಯೂತ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಜನರೆದುರು, ಬ್ರೆಜಿಲ್ ವಿರುದ್ಧ ಗೆಲುವಿನ ಪೆನಾಲ್ಟಿ ಹೊಡೆದದ್ದು ಇದೇ ಹುಡುಗ.

1994ರಲ್ಲಿ ಇಟಲಿಯ ಫಿಯೊರೆಂಟಿನಾ ಸೇರಿ, ಗೋಲುಗಾರ ಬಟಿಸ್ಟುಟಾಗೆ ಪಾಸ್‌ಗಳನ್ನು ಉಣಬಡಿಸಿದರು. 1996ರಲ್ಲಿ ಸೌಹಾರ್ದ ಪಂದ್ಯಕ್ಕೆಂದು ಬೆನ್‌ಫಿಕಾ ಅಂಗಳಕ್ಕೆ ಬಂದಾಗ ತವರು ತಂಡದ ವಿರುದ್ಧವೇ ಗೋಲು ಹೊಡೆದು ಅತ್ತುಬಿಟ್ಟರು! ತಾಯಿ ಕ್ಲಬ್ಬಿನ ಮೇಲೆ ಅಂಥ ಪ್ರೀತಿ ಅಪರೂಪ. ಆಮೇಲೆ ಮಿಲಾನ್ ಕ್ಲಬ್ ಪರ 2003ರ ಚಾಂಪಿಯನ್ಸ್ ಲೀಗ್, ಮರುವರ್ಷ ಇಟಲಿ ಲೀಗ್ ಗೆದ್ದರು.

ದೇಶಕ್ಕಾಗಿ 94 ಪಂದ್ಯ, 26 ಗೋಲು. 2004ರ ಯೂರೊ ಫೈನಲ್‌ನಲ್ಲಿ ಗ್ರೀಸ್‌ಗೆ ಸೋತದ್ದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. 2006ರಲ್ಲಿ ಬೆನ್‌ಫಿಕಾಗೆ ಮರಳಿ, ಅಲ್ಲೇ 2008ರಲ್ಲಿ ಬೂಟು ಕಳಚಿದರು. 2021ರಲ್ಲಿ ಅದೇ ಕ್ಲಬ್ಬಿನ ಅಧ್ಯಕ್ಷರಾದರು.