ಅರೆತಲೆನೋವೂ ರಕ್ತನಾಳಗಳೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬೇಸಗೆಯನ್ನು ಕಂಡವರಿಗೆ ಆ ಬಿಸಿಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊತ್ತು ಮೀರಿ, ಹಸಿದು, ಹೊಲದಿಂದ ಮರಳಿದ ಹೆಂಗಸು ತಲೆಯ ಒಂದು ಪಾರ್ಶ್ವವನ್ನು ಒತ್ತಿ ಹಿಡಿದು ಕತ್ತಲೆಯ ಮೂಲೆಯಲ್ಲಿ ಮಲಗಿದರೆ, ‘ಬಿಸಿಲು ಬಡಿದಿದೆ’ ಎನ್ನುವವರುಂಟು. ‘ಕೆಲಸ ತಪ್ಪಿಸಿಕೊಳ್ಳುವ ನೆವ’ ಎನ್ನುವವರೂ ಉಂಟು. ಬಿಸಿಲು, ಹಸಿವು, ನಿದ್ದೆಗೇಡುಗಳು ಈ ನೋವನ್ನು ಕೆರಳಿಸಬಲ್ಲುವೆಂಬುದು ದಿಟ, ನೆವವೆಂಬುದು ಸಟೆ. ಆಯುರ್ವೇದವು ಅರ್ಧಾವಭೇದಕವೆಂದು ಹೆಸರಿಸಿದ ವ್ಯಾಧಿಯು ಇಂದಿನ ಮೈಗ್ರೇನನ್ನು ಬಹುಮಟ್ಟಿಗೆ ಹೋಲುತ್ತದೆ. ಬೆಂಗಳೂರಿನ ಸುತ್ತಮುತ್ತ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ನೂರಕ್ಕೆ ಸುಮಾರು 25 ಮಂದಿ ಒಂದು ವರ್ಷದೊಳಗೆ ಇದರಿಂದ ನರಳಿದ್ದರು.

ನೋವು ನಾಡಿಯಂತೆ ಮಿಡಿಯುವುದರಿಂದ ರಕ್ತನಾಳದ ಮೇಲೆ ಸಂಶಯ ಬೀಳುವುದು ಸಹಜವೆ. 1938ರಲ್ಲಿ ಅಮೆರಿಕದ ಗ್ರಹಾಮ್ ಮತ್ತು ವುಲ್ಫ್ ಎಂಬ ವೈದ್ಯರು ಎರ್ಗೊಟಮೈನ್ ಎಂಬ ಔಷಧವನ್ನು ಕೊಟ್ಟಾಗ, ಕಪೋಲದ ಮೇಲಣ ಧಮನಿಯ ಮಿಡಿತವೂ ನೋವೂ ಜೊತೆಯಾಗಿ ತಗ್ಗಿದುವು. ನಾಳ ಕುಗ್ಗಿದಾಗ ಕಣ್ಣಿಗೆ ಮಿಂಚು, ಹಿಗ್ಗಿದಾಗ ನೋವು ಎಂಬ ಸಿದ್ಧಾಂತವು ಬಹುಕಾಲ ನಿಂತಿತು.

ಆದರೆ 1944ರಲ್ಲಿ ಲಿಯಾವೊ ಎಂಬ ವಿಜ್ಞಾನಿಯು ಮೊಲದ ಮಿದುಳಿನ ಮೇಲೆ ನಿಧಾನವಾಗಿ ಹರಡುವ ಸ್ತಬ್ಧತೆಯ ಅಲೆಯೊಂದನ್ನು ವರ್ಣಿಸಿದನು. ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸರಿಯುವ ಇಂತಹ ಅಲೆಯೇ ಕಣ್ಣೆದುರಿನ ಮಿಂಚಿಗೆ ಕಾರಣ. ರಕ್ತದ ಹರಿವು ತಗ್ಗುವುದು ಅದರ ಪರಿಣಾಮ. 2013ರಲ್ಲಿ ಡೆನ್ಮಾರ್ಕಿನಲ್ಲಿ ನೋವಿನ ಹೊತ್ತಿನಲ್ಲೇ ಚಿತ್ರ ತೆಗೆದು ನೋಡಿದಾಗ, ತಲೆಬುರುಡೆಯ ಹೊರಗಣ ಧಮನಿಗಳು ಹಿಗ್ಗಿರಲಿಲ್ಲ; ಒಳಗಣವು ಸ್ವಲ್ಪವೇ ಹಿಗ್ಗಿದ್ದುವು.

ಹಾಗಾದರೆ ನಾಳವು ನಿರಪರಾಧಿಯೆ? ಪೂರ್ತಿಯಾಗಿ ಅಲ್ಲ. ಮಿದುಳಿನ ಪೊರೆಯ ನಾಳಗಳನ್ನು ಸುತ್ತುವರಿದ ಟ್ರೈಜೆಮಿನಲ್ ನರದ ತುದಿಗಳು ಸಿ.ಜಿ.ಆರ್.ಪಿ. ಎಂಬ ವಸ್ತುವನ್ನು ಸುರಿಸುತ್ತವೆ. ಅದು ನಾಳಗಳನ್ನು ಹಿಗ್ಗಿಸುವುದಲ್ಲದೆ, ನೋವಿನ ನರಮಾರ್ಗವನ್ನೂ ಕೆರಳಿಸುತ್ತದೆ; ಆಗ ಪ್ರತಿದಿನದ ಮಿಡಿತವೇ ಪೆಟ್ಟಾಗಿ ತೋರುತ್ತದೆ. ಈ ವಸ್ತುವಿನ ಕೆಲಸವನ್ನು ತಡೆಯುವ ಚುಚ್ಚುಮದ್ದುಗಳು 2018ರಿಂದ ಬಳಕೆಗೆ ಬಂದಿವೆ.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಕಣ್ಣಿಗೆ ಮಿಂಚು ತೋರಿ ಬರುವ ಬಗೆಯವರಲ್ಲಿ ಮಿದುಳಿನ ರಕ್ತಸಂಚಾರ ಕಟ್ಟಿ ಪಾರ್ಶ್ವವಾಯು ತಗಲುವ ಸಂಭವವು ಇತರರಿಗಿಂತ ಸುಮಾರು ಇಮ್ಮಡಿ. ಒಟ್ಟಿನಲ್ಲಿ ಅದು ಅಲ್ಪವೇ ಆದರೂ, ಧೂಮಪಾನದಿಂದಲೂ ಈಸ್ಟ್ರೋಜನ್ ಸೇರಿದ ಗರ್ಭನಿರೋಧಕ ಗುಳಿಗೆಗಳಿಂದಲೂ ಬೆಳೆಯುತ್ತದೆ. ಅಂಥವರು ವೈದ್ಯರಿಗೆ ಇದನ್ನು ಮುಚ್ಚಿಡಬಾರದು. ತಿಂಗಳಿಗೆ 15 ದಿನ ನೋವಿನ ಗುಳಿಗೆ ನುಂಗಿದರೆ ಗುಳಿಗೆಯೇ ನೋವನ್ನು ತರಬಹುದು. ಸಿಡಿಲಿನಂತೆ ಒಮ್ಮೆಲೇ ಎರಗಿದ ನೋವು, ಕೈಕಾಲಿನ ಸೋಲು, ಮಾತಿನ ತೊದಲು ಕಂಡರೆ ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಉಳಿದ ದಿನಗಳಲ್ಲಿ ಹೊತ್ತಿಗೆ ಊಟ, ಸಾಕಷ್ಟು ನಿದ್ದೆ, ತಲೆಗೆ ನೆರಳು ಬೇಕು. ಇವೆಲ್ಲಕ್ಕೂ ಮೊದಲು ಬೇಕಾದುದು, ಕತ್ತಲೆಯಲ್ಲಿ ಮಲಗಿದವಳ ಮಾತನ್ನು ಮನೆಯವರು ನಂಬುವುದು.