ಮಾರದೇ ಉಳಿದ ಹೂವು ಭರಣಿ ಸೇರಿದ ಮೇಲೆ

ಮಲ್ಲಿಗೆಯನ್ನು ಮಾತ್ರ ಒಣಗಿಸಲು ಹೋಗಬೇಡಿ. ಎಷ್ಟೇ ಜತನ ಮಾಡಿದರೂ ಎರಡನೇ ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿ ಹಳೇ ಹುಲ್ಲಿನ ವಾಸನೆ ಹೊಡೆಯುತ್ತದೆ. ಸಂಪಿಗೆ, ಸುಗಂಧರಾಜದ್ದೂ ಅದೇ ಕಥೆ. ಕನಕಾಂಬರಕ್ಕಂತೂ ಪರಿಮಳವೇ ಇಲ್ಲ. ಮನೆಯಲ್ಲಿ ಪೋಪುರಿ ಮಾಡಬೇಕು ಅನ್ನುವವರು ಗುಲಾಬಿ, ಸೇವಂತಿಗೆ, ಚೆಂಡುಹೂವು, ಮರುಗ, ದವನ ಇಷ್ಟನ್ನು ನೆಚ್ಚಿಕೊಂಡರೆ ಸಾಕು. ಹೂ ಮಾರುವವಳ ಮಗಳು ಹೇಳುತ್ತಿದ್ದೇನೆ, ನಂಬಿ.

ಪೋಪುರಿ ಅಂದರೆ ಒಣಗಿಸಿದ ಹೂದಳ, ಎಲೆ, ಬೇರು, ಮಸಾಲೆ ಎಲ್ಲವನ್ನೂ ಬೆರೆಸಿ ಬಟ್ಟಲಲ್ಲೋ ಬಟ್ಟೆಯ ಚೀಲದಲ್ಲೋ ಇಡುವ ಪರಿಮಳದ ಮಿಶ್ರಣ. ದೊಡ್ಡ ಹೋಟೆಲುಗಳ ರಿಸೆಪ್ಷನ್‌ನಲ್ಲಿ ನೋಡಿರುತ್ತೀರಿ. ಫ್ರೆಂಚರ ಈ ಪದಕ್ಕೆ ಅಕ್ಷರಶಃ ಅರ್ಥ ‘ಕೊಳೆತ ಗಡಿಗೆ’. ಮೊದಲು ಮಾಂಸ, ತರಕಾರಿ ಎಲ್ಲ ಸೇರಿಸಿ ಬೇಯಿಸುವ ಅಡುಗೆಗೆ ಇದ್ದ ಹೆಸರು, ಆಮೇಲೆ ಹೂವಿನ ಮಿಶ್ರಣಕ್ಕೆ ಅಂಟಿಕೊಂಡಿತು. ಇದನ್ನೆಲ್ಲ ಉತ್ಸಾಹದಿಂದ ಅಮ್ಮನಿಗೆ ವಿವರಿಸಿದರೆ, ‘ಕಡ್ಲೆಪುರಿ ಗೊತ್ತು, ಇದ್ಯಾವುದೇ ಪೋಪುರಿ? ಕೊಳ್ತಿರೋ ಹೂವ ನಾನು ದಿನಾ ನೋಡ್ತೀನಿ, ಅದಕ್ಕೆ ಫ್ರೆಂಚ್ ಯಾಕೆ ಬೇಕು?’ ಅಂದಳು.

ಅವಳ ಮಾತಿನಲ್ಲಿ ತಮಾಷೆಗಿಂತ ಲೆಕ್ಕವೇ ಜಾಸ್ತಿ ಇತ್ತು. ಅಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಬೆಳಗಿನ ಜಾವ ಹೂ ತಂದು, ಕಟ್ಟಿ, ನಮ್ಮ ಬಡಾವಣೆಯ ಸರ್ಕಲ್‌ನಲ್ಲಿ ಮೊಳ, ಮಾರಿನ ಲೆಕ್ಕದಲ್ಲಿ ಮಾರುತ್ತಾಳೆ. ವರಮಹಾಲಕ್ಷ್ಮಿ, ಗೌರಿ ಹಬ್ಬಕ್ಕೆ ದರ ಆಕಾಶಕ್ಕೆ ಏರುತ್ತದೆ, ಮಾರನೇ ದಿನ ಕೇಳುವವರಿಲ್ಲ. ಆಷಾಢ ಬಂತೆಂದರೆ ಮದುವೆಗಳು ನಿಲ್ಲುತ್ತವೆ. ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಜನ ಹೋಗುವುದರಿಂದ ಆ ಒಂದು ದಿನ ವ್ಯಾಪಾರ, ಶನಿವಾರ ಬುಟ್ಟಿ ತುಂಬ ಉಳಿಕೆ. ಬಿಡಿ ಗುಲಾಬಿಯಂತೂ ಸಂಜೆ ಐದಾದರೆ ಬಾಡಿ ಮುದ್ದೆಯಾಗುತ್ತದೆ. ರಾತ್ರಿ ಎಂಟಕ್ಕೆ ಕಸದ ಗಾಡಿಯ ಪಕ್ಕ ಅವಳು ಸುರಿಯುತ್ತಿದ್ದದ್ದು ಹೂವಾದರೂ ನನ್ನ ಕಣ್ಣಿಗೆ ಅದು ಬಸ್ ಪಾಸು, ಜೆರಾಕ್ಸು, ಪರೀಕ್ಷಾ ಶುಲ್ಕ.

ಹೂವಿನಲ್ಲಿ ಬಹುಪಾಲು ನೀರು. ಒಂದು ಕೆಜಿ ಗುಲಾಬಿ ದಳವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಟ್ಟೆ. ಐದನೇ ದಿನಕ್ಕೆ 180 ಗ್ರಾಂ. ಆರನೇ ದಿನವೂ 180. ತೂಕ ಇಳಿಯುವುದು ನಿಂತಿತೆಂದರೆ ಒಣಗಿದೆ ಎಂದು ಅರ್ಥ. ಇದು ನಮ್ಮ ಲ್ಯಾಬಿನ ಬುದ್ಧಿ. ತಕ್ಕಡಿ ಇಲ್ಲದವರು ದಳವನ್ನು ಬೆರಳಲ್ಲಿ ಒತ್ತಿ ನೋಡಿ, ಹಪ್ಪಳದ ಹಾಗೆ ಪಟ್ಟೆಂದು ಮುರಿಯಬೇಕು. ಬಗ್ಗಿದರೆ ಇನ್ನೂ ನೀರಿದೆ, ಭರಣಿಗೆ ಹಾಕಿದರೆ ಬೂಷ್ಟು ಖಚಿತ. ಸೇವಂತಿಗೆಯ ತೊಟ್ಟಿನ ಭಾಗ ದಪ್ಪ, ನೀರು ಅಲ್ಲೇ ಅಡಗಿರುತ್ತದೆ. ಅದನ್ನು ಕಿತ್ತು ದಳಗಳನ್ನು ಬಿಡಿಸಿಯೇ ಒಣಗಿಸಬೇಕು.

ಬಿಸಿಲಿಗೆ ಹಾಕಬಾರದು. ಬಣ್ಣ ಬಿಳಿಚಿಕೊಳ್ಳುತ್ತದೆ, ಪರಿಮಳದ ಎಣ್ಣೆಯೂ ಹಾರಿಹೋಗುತ್ತದೆ. ನೆರಳು, ಗಾಳಿ, ಸ್ವಲ್ಪ ಕಾವು ಇದ್ದರೆ ಸಾಕು. ನಮ್ಮದು ಶೀಟಿನ ಮನೆ. ಮಧ್ಯಾಹ್ನ ಒಳಗೆ ಕೂತು ಓದುವುದು ಅಂದರೆ ಬಾಣಲೆಯಲ್ಲಿ ಕೂತ ಹಾಗೆ. ಅದೇ ಶೀಟಿನ ಕೆಳಗೆ ಹಗ್ಗ ಕಟ್ಟಿ, ಮೊರದಲ್ಲಿ ಹಳೇ ಪಂಚೆ ಹಾಸಿ, ದಳಗಳನ್ನು ತೆಳ್ಳಗೆ ಹರಡಿದರೆ ಬೇಸಿಗೆಯಲ್ಲಿ ನಾಲ್ಕೇ ದಿನಕ್ಕೆ ಕೆಲಸ ಮುಗಿಯುತ್ತದೆ. ಮಳೆಗಾಲದಲ್ಲಿ ಎಂಟು, ಹತ್ತು ದಿನ ಹಿಡಿಯುತ್ತದೆ. ಹಾಸ್ಟೆಲ್‌ನವರು ನ್ಯೂಸ್‌ಪೇಪರ್ ಮೇಲೆ ಹರಡಿ ಮಂಚದ ಕೆಳಗೆ ಇಟ್ಟು ಫ್ಯಾನ್ ಹಾಕಿದರೂ ನಡೆಯುತ್ತದೆ, ದಿನಕ್ಕೊಮ್ಮೆ ಕೈಯಾಡಿಸುತ್ತಿರಿ.

ಮಲ್ಲಿಗೆ ಯಾಕಾಗದು ಅನ್ನುವುದು ನನ್ನನ್ನು ತುಂಬಾ ದಿನ ಕಾಡಿತ್ತು. ಮೈಸೂರು ಮಲ್ಲಿಗೆಗೆ ಜಿಐ ಮಾನ್ಯತೆ ಇದೆ, ಪರಿಮಳದಲ್ಲಿ ಅದನ್ನು ಮೀರಿಸುವ ಹೂ ಯಾವುದಿದೆ? ಓದಿದಾಗ ಗೊತ್ತಾಯಿತು, ಮಲ್ಲಿಗೆ ಕಿತ್ತ ಮೇಲೂ ಗಂಟೆಗಟ್ಟಲೆ ಪರಿಮಳವನ್ನು ತಯಾರಿಸುತ್ತಲೇ ಇರುತ್ತದೆ. ಮೊಗ್ಗು ಸಂಜೆ ಮುಡಿಯಲ್ಲಿ ಅರಳುವುದು ಅದಕ್ಕೇ. ಹೂವಿನ ಜೀವ ಹೋದರೆ ಆ ಕಾರ್ಖಾನೆ ಬಂದ್, ಗೋಡೌನ್‌ನಲ್ಲಿ ದಾಸ್ತಾನು ಇರುವುದಿಲ್ಲ. ಗುಲಾಬಿ ದಳ ಹಾಗಲ್ಲ, ಒಣಗಿದರೂ ಒಳಗೆ ಅಷ್ಟಿಷ್ಟು ಉಳಿಸಿಕೊಂಡಿರುತ್ತದೆ. ಅದರಲ್ಲಿರುವ ಫಿನೈಲ್ ಈಥೈಲ್ ಆಲ್ಕೋಹಾಲ್ ಕುದಿಯಲು ಸುಮಾರು 219 ಡಿಗ್ರಿ ಸೆಲ್ಸಿಯಸ್ ಬೇಕು, ಹಾಗಾಗಿ ಅದು ಬೇಗ ಹಾರಿಹೋಗುವ ಜಾತಿಯದ್ದಲ್ಲ. ದವನವಂತೂ ಒಣಗಿದಷ್ಟೂ ಘಮ. ಕರಾವಳಿ, ಮಲೆನಾಡಿನ ಗೆಳತಿಯರಿದ್ದರೆ ಸುರಗಿ, ರಂಜೆ ಹೂ ತರಿಸಿಕೊಳ್ಳಿ. ಒಣಗಿದ ಮೇಲೂ ತಿಂಗಳುಗಟ್ಟಲೆ ಘಮ್ಮೆನ್ನುವ ಹೂಗಳು ಅವು.

ಇನ್ನು ಮುಖ್ಯವಾದದ್ದು, ಪರಿಮಳವನ್ನು ಹಿಡಿದಿಡುವ ವಸ್ತು. ಇದಿಲ್ಲದಿದ್ದರೆ ನಿಮ್ಮ ಪೋಪುರಿ ಹದಿನೈದು ದಿನಕ್ಕೆ ತರಗೆಲೆ. ಯುರೋಪಿನವರು ಐರಿಸ್ ಗಿಡದ ಬೇರಿನ ಪುಡಿ ಹಾಕುತ್ತಾರೆ, ಅದು ಇಲ್ಲಿ ದುಬಾರಿ. ನಮ್ಮ ಗ್ರಂಧಿಗೆ ಅಂಗಡಿಗೆ ಹೋದರೆ ಅದೇ ಕೆಲಸ ಮಾಡುವ ಮೂರು ಸಾಮಾನು ಸಿಗುತ್ತವೆ: ಲಾವಂಚದ ಬೇರು, ಬಜೆ, ಸಾಂಬ್ರಾಣಿ. ಇವುಗಳಲ್ಲಿರುವ ಭಾರವಾದ ಅಣುಗಳು ನಿಧಾನಕ್ಕೆ ಆವಿಯಾಗುತ್ತವೆ, ಜೊತೆಗಿರುವ ಹಗುರ ಅಣುಗಳನ್ನೂ ಬೇಗ ಬಿಟ್ಟುಕೊಡುವುದಿಲ್ಲ. ಆವಿಯ ಒತ್ತಡದ ಪಾಠವನ್ನು ಮೊದಲ ವರ್ಷದಲ್ಲಿ ಬಾಯಿಪಾಠ ಮಾಡಿ ಮರೆತಿದ್ದೆ, ಅರ್ಥವಾದದ್ದು ಬಜೆ ಕುಟ್ಟುವಾಗ. ಅಂದ ಹಾಗೆ, ಅಜ್ಜಿ ರೇಷ್ಮೆ ಸೀರೆಯ ಟ್ರಂಕಿನಲ್ಲಿ ಕೇದಗೆಯ ಗರಿ, ಲಾವಂಚದ ಬೇರು ಇಡುತ್ತಿದ್ದರು. ಅದಕ್ಕೊಂದು ಫ್ರೆಂಚ್ ಹೆಸರಿಟ್ಟಿರಲಿಲ್ಲ, ಅಷ್ಟೇ.

ನನ್ನ ಅಳತೆ ಹೀಗೆ. ನಾಲ್ಕು ಲೋಟ ಒಣಗಿದ ದಳ, ಅರ್ಧ ಲೋಟ ಮರುಗ ಮತ್ತು ದವನ, ಕತ್ತರಿಸಿದ ಲಾವಂಚ ಒಂದು ಹಿಡಿ, ಕುಟ್ಟಿದ ಬಜೆ ಒಂದು ಚಮಚ, ಸಾಂಬ್ರಾಣಿ ಪುಡಿ ಒಂದು ಚಮಚ, ಒಣಗಿಸಿದ ಕಿತ್ತಳೆ ಸಿಪ್ಪೆ, ಹತ್ತು ಲವಂಗ, ಎರಡು ತುಂಡು ಚಕ್ಕೆ. ಬಜೆ ಜಾಸ್ತಿಯಾದರೆ ಎಳೆಮಗುವಿನ ಕೋಣೆಯ ವಾಸನೆ ಬರುತ್ತದೆ, ಹುಷಾರು. ಎಲ್ಲವನ್ನೂ ಗಾಜಿನ ಭರಣಿಗೆ ಹಾಕಿ ಬಿಗಿಯಾಗಿ ಮುಚ್ಚಿ ಕತ್ತಲಲ್ಲಿ ಐದಾರು ವಾರ ಇಡಬೇಕು. ಎರಡು ದಿನಕ್ಕೊಮ್ಮೆ ಅಲುಗಾಡಿಸಬೇಕು. ಮೊದಲ ವಾರ ಮುಚ್ಚಳ ತೆಗೆದರೆ ಲವಂಗವೊಂದೇ ಮೂಗಿಗೆ ಬಡಿಯುತ್ತದೆ. ನಾಲ್ಕನೇ ವಾರದ ಹೊತ್ತಿಗೆ ಯಾವುದು ಯಾವುದೆಂದು ಬಿಡಿಸಿ ಹೇಳಲಾಗದಂತೆ ಬೆರೆಯುತ್ತದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಪ್ಯಾಕೆಟ್‌ಗಳಲ್ಲಿ ಇರುವುದು ಬಣ್ಣ ಹಚ್ಚಿದ ಮರದ ಹೆರೆ, ಕೃತಕ ಸೆಂಟು. ಎರಡನ್ನೂ ಅಕ್ಕಪಕ್ಕ ಇಟ್ಟು ಮೂಸಿ ನೋಡಿದರೆ ಗೊತ್ತಾಗುತ್ತದೆ. ಮಾರುಕಟ್ಟೆಯ ಹೂವಿಗೆ ಔಷಧಿ ಹೊಡೆದಿರುವ ಸಾಧ್ಯತೆ ಇರುವುದರಿಂದ ಈ ದಳಗಳನ್ನು ಚಹಾಗೋ ಗುಲ್ಕಂದಿಗೋ ಬಳಸಬೇಡಿ, ಚಿಕ್ಕ ಮಕ್ಕಳ ಕೈಗೂ ಸಿಗದಿರಲಿ.

ಲೆಕ್ಕ ಕೇಳುವವರಿಗೆ ಹೇಳಿಬಿಡುತ್ತೇನೆ. ವಾರಕ್ಕೆ ಐದು ಕೆಜಿ ಉಳಿಕೆ ಹೂವು ಒಣಗಿದರೆ ಒಂದು ಕೆಜಿಯೂ ಆಗುವುದಿಲ್ಲ. ಅದರಿಂದ ಹದಿನೈದು ಸಣ್ಣ ಚೀಲ ತುಂಬುತ್ತದೆ. ಚೀಲಕ್ಕೆ ಐವತ್ತು ರೂಪಾಯಿ, ಅದರಲ್ಲಿ ಇಪ್ಪತ್ತು ಬಟ್ಟೆಗೂ ಮಸಾಲೆಗೂ ಹೋಗುತ್ತದೆ. ಎಲ್ಲ ಮಾರಾಟವಾದರೆ ಅಮ್ಮ ಆ ಹೂವಿಗೆ ಹಾಕಿದ ಅಸಲು ಹತ್ತಿರ ಹತ್ತಿರ ಕೈಗೆ ಬರುತ್ತದೆ. ಎಲ್ಲ ಮಾರಾಟವಾದ ವಾರ ಇನ್ನೂ ಬಂದಿಲ್ಲ. ಕ್ಲಾಸಿನವರು ‘ಸ್ಟಾರ್ಟಪ್ ಮಾಡೇ, ಫಂಡಿಂಗ್ ಸಿಗುತ್ತೆ’ ಅನ್ನುತ್ತಾರೆ. ಅವರಿಗೆ ಹದಿನೈದು ಚೀಲದ ಲೆಕ್ಕ ತೋರಿಸಿ ಸುಮ್ಮನಾಗುತ್ತೇನೆ. ಆದರೂ ಕಳೆದ ಸೆಮಿಸ್ಟರಿನ ಪರೀಕ್ಷಾ ಶುಲ್ಕದಲ್ಲಿ ಅರ್ಧ ಈ ಚೀಲಗಳಿಂದಲೇ ಬಂತು.

ಅಮ್ಮನಿಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ‘ನೀನು ಹೂವಿನ ಮುಂದೆ ಕೂರಬಾರದು ಅಂತಾನೇ ನಾನು ಹೂ ಕಟ್ಟೋದು ಕಣೇ. ಮುಂದಿನ ವರ್ಷ ಕಂಪನಿಗಳು ಬಂದಾಗ ಅವರು ಬುಟ್ಟಿ ನೋಡಿ ಕೆಲಸ ಕೊಡ್ತಾರಾ?’ ಎಂದು ಒಂದು ರಾತ್ರಿ ಕೇಳಿದಳು. ಉತ್ತರ ಹೇಳಲು ನನಗೆ ತೋಚಲಿಲ್ಲ. ಕೈಯಲ್ಲಿ ಅರ್ಧ ಬಿಡಿಸಿದ ಸೇವಂತಿಗೆ ಇತ್ತು, ಬಿಡಿಸುತ್ತಾ ಕೂತೆ. ಕೊನೆಗೆ ಒಪ್ಪಂದವಾಯಿತು. ಭಾನುವಾರ ಮಾತ್ರ ನನ್ನ ಪಾಲು, ಇಂಟರ್ನಲ್ಸ್ ಇರುವ ವಾರ ಅದೂ ಇಲ್ಲ. ಉಳಿದ ದಿನ ಮೊರಕ್ಕೆ ಕೈಯಾಡಿಸುವುದು ಅವಳೇ. ನನ್ನ ತಕ್ಕಡಿಯನ್ನು ಅವಳು ಮುಟ್ಟುವುದಿಲ್ಲ. ಒಂದು ಹಿಡಿ ದಳ ತೆಗೆದು ಮೆಲ್ಲಗೆ ಅಲುಗಿಸಿ, ಸದ್ದು ಕೇಳಿ, ‘ಇನ್ನೊಂದು ದಿನ ಇರಲಿ’ ಅನ್ನುತ್ತಾಳೆ. ತೂಗಿ ನೋಡಿದರೆ ಪ್ರತಿ ಸಲವೂ ಅವಳದ್ದೇ ಸರಿ.

ಬಟ್ಟಲಲ್ಲಿಟ್ಟ ಪೋಪುರಿ ಎರಡು, ಮೂರು ತಿಂಗಳಿಗೆ ಸಪ್ಪೆಯಾಗುತ್ತದೆ. ಆಗ ಎರಡು ಲವಂಗ ಜಜ್ಜಿ ಹಾಕಿ, ಮತ್ತೆ ಒಂದು ವಾರ ಭರಣಿಯಲ್ಲಿ ಮುಚ್ಚಿಟ್ಟರೆ ಚೇತರಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಲಾವಂಚವನ್ನು ಆರಿಸಿ ತೆಗೆದಿಟ್ಟುಕೊಳ್ಳಿ, ಮುಂದಿನ ಭರಣಿಗೆ ಬರುತ್ತದೆ. ಉಳಿದದ್ದನ್ನು ಕುಂಡಕ್ಕೆ ಸುರಿಯಿರಿ.